ಬೆಂಗಳೂರಲ್ಲಿ ಇಳಿದ ಮೇಲೆ ಮಂಗಳೂರಿಗೆ ವಿಮಾನವೋ, ಕಾರೋ?

ಲಂಡನ್‌ಗೆ ಹೊಸದಾಗಿ ಬಂದ ನಮ್ಮ ಕರಾವಳಿಯವರು ಮೊದಲ ಸಲ ಊರಿಗೆ ಹೊರಡುವಾಗ ಇದನ್ನೇ ಕೇಳುತ್ತಾರೆ. ಬೆಂಗಳೂರಿನಿಂದ ನೇರ ಪಶ್ಚಿಮಕ್ಕೆ ಸುಮಾರು 300 ಕಿ.ಮೀ. ಹೋದರೆ ಮಂಗಳೂರು. ವಿಮಾನಕ್ಕೆ ಒಂದು ಗಂಟೆ. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಏಳೆಂಟು ಗಂಟೆ. ಇಷ್ಟೇ ನೋಡಿ ಟಿಕೆಟ್ ಮಾಡಬೇಡಿ. ಮನೆ ಬಾಗಿಲು ಮುಟ್ಟಲು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ.

ಬೆಂಗಳೂರಲ್ಲಿ ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಮುಗಿಯಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ನೀವು ಇಳಿಯುವುದು ಎರಡನೇ ಟರ್ಮಿನಲ್. ಮುಂದಿನ ವಿಮಾನ ಒಂದನೆಯದರಿಂದ ಇದ್ದರೆ ಶಟಲ್ ಬಸ್ ಹಿಡಿಯಬೇಕು. ಎರಡು ವಿಮಾನಗಳ ನಡುವೆ ನಾಲ್ಕು ಗಂಟೆಯಾದರೂ ಇರಲಿ. ಆಮೇಲೆ ಮಂಗಳೂರಿನ ಏರ್‌ಪೋರ್ಟ್ ಇರುವ ಬಜ್ಪೆಯಲ್ಲಿ ಇಳಿದು ಪೇಟೆಗೆ ಇನ್ನೊಂದು ಮುಕ್ಕಾಲು ಗಂಟೆ. ಕೂಡಿಸಿದರೆ ಕಾರಿಗಿಂತ ಉಳಿಯುವುದು ಎರಡು ಮೂರು ಗಂಟೆ ಅಷ್ಟೇ.

ಲಗೇಜಿನ ವಿಷಯ ಇನ್ನೂ ಮುಖ್ಯ. ಲಂಡನ್‌ನಿಂದ ಮಂಗಳೂರಿನವರೆಗೆ ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಮೊದಲ ವಿಮಾನದ ತೂಕವೇ ಕೊನೆಯವರೆಗೂ ನಡೆಯುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ದೇಶದೊಳಗೆ ಹೆಚ್ಚಾಗಿ 15 ಕೆ.ಜಿ. ಮಾತ್ರ. ಉಳಿದದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಡಬೇಕು. ಮೊದಲ ವಿಮಾನ ತಡವಾದರೂ ಎರಡನೆಯದು ನಿಮಗಾಗಿ ಕಾಯುವುದಿಲ್ಲ. ನನ್ನ ಕೇಳಿದರೆ, ವಯಸ್ಸಾದವರು ಜೊತೆಗಿದ್ದರೆ ಒಂದೇ ಟಿಕೆಟ್‌ನ ವಿಮಾನ. ನಾಲ್ಕು ಜನ, ತುಂಬಾ ಪೆಟ್ಟಿಗೆ ಅಂದರೆ ಕಾರೇ ಸರಿ. (ದುಬೈ, ಅಬುಧಾಬಿಯಲ್ಲಿರುವವರಿಗೆ ನೇರ ಮಂಗಳೂರಿಗೇ ವಿಮಾನವಿದೆ, ಅವರು ಬೆಂಗಳೂರಿಗೆ ಬರುವುದೇ ಬೇಡ.)

ಕಾರಿನಲ್ಲಿ ಹೋಗುವವರು ಹೆಬ್ಬಾಳದ ಕಡೆ ಇಳಿಯಬೇಡಿ. ಏರ್‌ಪೋರ್ಟ್ ಇರುವುದು ದೇವನಹಳ್ಳಿ ಹತ್ತಿರ. ದೊಡ್ಡಬಳ್ಳಾಪುರ, ಮಧುರೆ ಮೇಲೆ ನೆಲಮಂಗಲಕ್ಕೆ ಹೋಗೋಣ ಅಂತ ಡ್ರೈವರಿಗೆ ಹೇಳಿ. ಊರಿನ ಟ್ರಾಫಿಕ್ ತಪ್ಪುತ್ತದೆ. ಅಲ್ಲಿಂದ ಕುಣಿಗಲ್, ಹಾಸನದವರೆಗೆ ಒಳ್ಳೆ ರಸ್ತೆ. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿ. ಅಲ್ಲಿ ತಿರುವು, ಮಂಜು, ಸಾಲುಸಾಲು ಲಾರಿ. ಮಳೆಗಾಲದಲ್ಲಿ ದೋಣಿಗಾಲ್ ಸುತ್ತಮುತ್ತ ಗುಡ್ಡ ಜರಿದು ರಸ್ತೆ ಮುಚ್ಚಿದ್ದುಂಟು. ಅದಕ್ಕೇ ಹಾಸನದಲ್ಲೇ ವಿಚಾರಿಸಿ. ಶಿರಾಡಿ ಬಂದ್ ಆಗಿದ್ದರೆ ಅಲ್ಲಿಂದಲೇ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಿಡಿದು ಚಾರ್ಮಾಡಿ ಘಾಟಿಯಲ್ಲಿ ಇಳಿಯಬಹುದು. ಸಕಲೇಶಪುರದವರೆಗೆ ಹೋಗಿ ವಾಪಸ್ ಬರುವುದು ಸುಮ್ನೆ ದಂಡ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರದೇಶದ ಎಷ್ಟೋ ವಿಮಾನಗಳು ನಡುರಾತ್ರಿ ಇಲ್ಲವೇ ಬೆಳಗಿನ ಜಾವ ಬರುತ್ತವೆ. ನಿಮ್ಮನ್ನು ಕಾಯುತ್ತಾ ಡ್ರೈವರ್ ಕೂಡ ನಿದ್ದೆಗೆಟ್ಟಿರುತ್ತಾರೆ. ಹೊರಡುವ ಮುಂಚೆ ಮಲಗಿದ್ರಾ ಅಂತ ಕೇಳಿ. ಇಲ್ಲ ಅಂದರೆ ಎರಡು ಗಂಟೆ ಮಲಗಲು ಬಿಡಿ, ಬೆಳಕು ಹರಿದ ಮೇಲೆ ಹೊರಡಿ. ಇಂಗ್ಲೆಂಡಿನಲ್ಲಿ 350 ಕಿ.ಮೀ. ನಾಲ್ಕು ಗಂಟೆಯ ದಾರಿ ಇರಬಹುದು. ಊರಿನ ದಾರಿಯಲ್ಲಿ ಅವಸರ ಮಾಡಿಸಬೇಡಿ.

ವಾಪಸ್ ಬರುವಾಗ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಂದಿನ ದಿನವೇ ಮಂಗಳೂರು ಬಿಟ್ಟು ರಾತ್ರಿ ದೇವನಹಳ್ಳಿ ಕಡೆ ಉಳಿದುಕೊಳ್ಳಿ.