ನಮ್ಮ ಗಲ್ಲಿಯ ಗಟಾರ ಉಕ್ಕುವುದು ನಿಂತಿದ್ದು ಹೀಗೆ

ಮುಂಬೈನ ಮಾಟುಂಗಾದಲ್ಲಿ ನಮ್ಮದು ಸಣ್ಣ ಉಡುಪಿ ಹೋಟೆಲು. ಮಳೆ ಇಲ್ಲದ ದಿನವೂ ಹಿಂದಿನ ಗಲ್ಲಿಯ ಮ್ಯಾನ್‌ಹೋಲ್ ಉಕ್ಕುತ್ತಿತ್ತು. ಮಕ್ಕಳು ಆ ಕೊಳಕು ನೀರು ದಾಟಿಕೊಂಡೇ ಶಾಲೆಗೆ ಹೋಗುತ್ತಿದ್ದರು. ನೋಡಿ ಸಂಕಟವಾಗುತ್ತಿತ್ತು.

ಕೊನೆಗೆ ಪೈಪು ಬಿಚ್ಚಿಸಿದೆ. ಒಳಗೆಲ್ಲ ಗಟ್ಟಿ ಜಿಡ್ಡು. ತಪ್ಪು ನಮ್ಮದೇ. ಗ್ರೀಸ್ ಟ್ರ್ಯಾಪ್, ಅಂದರೆ ಅಡುಗೆಮನೆಯ ನೀರು ಗಟಾರಕ್ಕೆ ಹೋಗುವ ಮೊದಲು ಜಿಡ್ಡನ್ನು ಹಿಡಿದಿಡುವ ತೊಟ್ಟಿ, ಇತ್ತು. ಆದರೆ ಅದರೊಳಗಿನ ಜಿಡ್ಡನ್ನು ತಿಂಗಳಿಗೊಮ್ಮೆ ಮಾತ್ರ ತೆಗೆಯುತ್ತಿದ್ದೆವು. ಉಳಿದ ದಿನ ಬಿಸಿನೀರು, ಸೋಪು ಸುರಿದರೆ ಸಾಕು ಅಂದುಕೊಂಡಿದ್ದೆವು. ಬಿಸಿನೀರಿಗೆ ಜಿಡ್ಡು ಕರಗುತ್ತದೆ ನಿಜ. ಆದರೆ ಮುಂದೆ ಹೋಗಿ ತಣ್ಣಗಾದರೆ ಪೈಪಿಗೆ ಅಂಟಿಕೊಳ್ಳುತ್ತದೆ. ಟ್ರ್ಯಾಪಿನಲ್ಲಿ ನೀರು ನಿಂತು ತಣಿದರೆ ಜಿಡ್ಡು ಮೇಲೆ ತೇಲುತ್ತದೆ, ಅನ್ನದ ಅಗುಳು ಕೆಳಗೆ ಕೂರುತ್ತದೆ. ಎರಡೂ ಸೇರಿ ಆಳದ ಕಾಲು ಭಾಗ ತುಂಬಿದರೆ ತೆಗೆಯಲೇಬೇಕು. ನಮಗೆ ಅದು ವಾರಕ್ಕೇ ತುಂಬುತ್ತಿತ್ತು!

ಈಗ ಪಾತ್ರೆಯ ಜಿಡ್ಡು ಒರೆಸಿಯೇ ತೊಳೆಯುತ್ತೇವೆ. ಕರಿದ ಎಣ್ಣೆ ಡಬ್ಬಿಗೆ, ಅಲ್ಲಿಂದ ಬಯೋಡೀಸೆಲ್ ಮಾಡುವವರಿಗೆ.

ನಾವೊಬ್ಬರೇ ಮಾಡಿದರೆ ಸಾಲದು ಅಲ್ವಾ? ಗಲ್ಲಿಯ ಹೋಟೆಲಿನವರನ್ನೆಲ್ಲ ಕರೆದು ಆ ಜಿಡ್ಡಿನ ಗಡ್ಡೆ ತೋರಿಸಿದೆ. “ಶೆಟ್ರೇ, ಇಷ್ಟೂ ನಮ್ಮದೇನಾ?” ಅಂದರು ಒಬ್ಬರು. ಪ್ರತಿ ಶನಿವಾರ ಒಬ್ಬರ ಟ್ರ್ಯಾಪನ್ನು ಇನ್ನೊಬ್ಬರು ತೆರೆದು ನೋಡಬೇಕು ಅಂತ ಮಾತಾಯಿತು. ಸುಮ್ನೆ ನೋಟಿಸು ಅಂಟಿಸುವುದಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿತು. ಎಂಟು ತಿಂಗಳಿಂದ ಮ್ಯಾನ್‌ಹೋಲ್ ಉಕ್ಕಿಲ್ಲ.