ಪದ ಎಣಿಸುವ ಪುಟ್ಟ ಪ್ರೋಗ್ರಾಂ ಹಿಡಿದು ಕಂಪ್ಯೂಟರ್ ಸೈನ್ಸ್ ಕಲಿತೆ

ಮೊದಮೊದಲು ನಾನು ಎಲ್ಲರ ಹಾಗೆ ಒಂದೊಂದೇ ವಿಷಯ ಹಿಡಿದು ಓದಿದೆ. ಅಲ್ಗಾರಿದಮ್ ಆಯ್ತು, ಆಪರೇಟಿಂಗ್ ಸಿಸ್ಟಮ್ ಆಯ್ತು, ನೆಟ್‌ವರ್ಕ್, ಡೇಟಾಬೇಸ್ ಎಲ್ಲಾ ಆಯ್ತು. ಓದುವಾಗ ಅರ್ಥ ಆಗುತ್ತಿತ್ತು, ಎರಡು ವಾರ ಬಿಟ್ಟು ನೋಡಿದರೆ ಬರೀ ಹೆಸರುಗಳು ಉಳಿದಿರುತ್ತಿದ್ದವು. ಅದಕ್ಕೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ: ಕನ್ನಡ ಬರಹ ಕೊಟ್ಟರೆ ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು, ಅಷ್ಟೇ. ಅದು ಎಲ್ಲಿ ಕೈಕೊಡುತ್ತದೋ ಅಲ್ಲಿಗೆ ಬೇಕಾದ್ದನ್ನು ಮಾತ್ರ ಓದಬೇಕು ಅಂತ ಇಟ್ಟುಕೊಂಡೆ.

ಮೊದಲ ದಿನವೇ ಕೈಕೊಟ್ಟಿತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಕನ್ನಡ’ ಪದದ ಉದ್ದ ಕೇಳಿದರೆ 5 ಅಂತ ಬಂತು. ಕಣ್ಣಿಗೆ ಕಾಣುವುದು ಮೂರೇ ಅಕ್ಷರ ಅಲ್ವಾ? ಬಿಡಿಸಿ ಪ್ರಿಂಟ್ ಮಾಡಿದಾಗ ಗೊತ್ತಾಯಿತು: ಕ, ನ, ್, ನ, ಡ. ನಾವು ‘ನ್ನ’ ಅಂತ ಒಂದೇ ಅಕ್ಷರವಾಗಿ ನೋಡುವುದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಲಿಪಿಯ ಸಂಕೇತಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಮೂರು ಸಂಕೇತ. ಫೈಲ್‌ಗೆ ಬರೆದರೆ ಅದೇ ಪದ 15 ಬೈಟ್ (ಕಂಪ್ಯೂಟರ್ ಜಾಗ ಅಳೆಯುವ ಪುಟ್ಟ ಘಟಕ), ಯಾಕೆಂದರೆ ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಈ ಪದ್ಧತಿಯನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಹಳೆಯ ಇಂಗ್ಲಿಷ್ ಫೈಲ್‌ಗಳು ಒಂದು ಬೈಟ್ ಕೂಡ ಬದಲಾಗದೆ ಹಾಗೇ ನಡೆಯುತ್ತವೆ, ಜೊತೆಗೆ ಬೇರೆ ಎಲ್ಲಾ ಲಿಪಿಗೂ ಜಾಗ ಇದೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಕೆಲಸ ನನಗೆ ಇವತ್ತಿಗೂ ತುಂಬಾ ಇಷ್ಟ.

ಮುಂದಿನ ತೊಂದರೆ ನನ್ನನ್ನು ಒಂದು ಸಂಜೆ ಪೂರ್ತಿ ಕೂರಿಸಿತು. ಪಟ್ಟಿಯಲ್ಲಿ ‘ಮೌಸ್’ ಎರಡು ಸಲ ಬಂದಿತ್ತು, ಎರಡಕ್ಕೂ ಬೇರೆ ಬೇರೆ ಎಣಿಕೆ. ನೋಡಲು ಒಂದಿಷ್ಟೂ ವ್ಯತ್ಯಾಸ ಇಲ್ಲ. ಬೈಟ್‌ಗಳನ್ನು ಪ್ರಿಂಟ್ ಮಾಡಿದೆ, ಒಂದರ ಕೊನೆಯಲ್ಲಿ 3 ಬೈಟ್ ಜಾಸ್ತಿ ಇದ್ದವು. ಕಣ್ಣಿಗೆ ಕಾಣದ ಒಂದು ಸಂಕೇತ ಅದು, ‘ಸಾಫ್ಟ್‌ವೇರ್’ ಅನ್ನುವಾಗ ‘ವೇ’ ಒತ್ತಾಗಿ ಕೆಳಗೆ ಹೋಗದಂತೆ ತಡೆಯಲು ಹಾಕುತ್ತೇವಲ್ಲ, ಅದೇ. ಪದದ ಕೊನೆಯಲ್ಲಿ ಅದಕ್ಕೆ ಕೆಲಸ ಇಲ್ಲ. ಆದರೆ ಕಂಪ್ಯೂಟರ್ ಹೋಲಿಸುವುದು ಸಂಖ್ಯೆಗಳನ್ನು, ಕಾಣುವ ರೂಪವನ್ನಲ್ಲ. ಎಣಿಸುವ ಮೊದಲು ಪದದ ತುದಿ ಶುಚಿ ಮಾಡುವ ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಆಮೇಲೆ ಬರಹವನ್ನು ಬೇರೆ ಕಂಪ್ಯೂಟರ್‌ನಿಂದ ತರಿಸಿಕೊಳ್ಳಲು ಹೋದೆ. ಒಂದು ಸಲಕ್ಕೆ 1024 ಬೈಟ್‌ಗಳ ಹಾಗೆ ಓದುತ್ತಿದ್ದೆ, ಬಂದಷ್ಟನ್ನು ತಕ್ಷಣ ಅಕ್ಷರ ಮಾಡುತ್ತಿದ್ದೆ. ಅಲ್ಲಲ್ಲಿ ಎರರ್. ಲೆಕ್ಕ ಹಾಕಿದರೆ ಕಾರಣ ಎದುರಿಗೇ ಇತ್ತು: 341 ಸಂಕೇತಕ್ಕೆ 1023 ಬೈಟ್, ಇನ್ನೊಂದು ಬೈಟ್ ಮುಂದಿನ ಅಕ್ಷರದ ತುಂಡು. ಕಂಪ್ಯೂಟರ್‌ಗಳ ನಡುವೆ ಡೇಟಾ ಸಾಗಿಸುವ ನಿಯಮವಾದ ಟಿಸಿಪಿಗೆ ಅಕ್ಷರ, ಪದ, ಸಾಲು ಯಾವುದೂ ಗೊತ್ತಿಲ್ಲ, ಬೈಟ್‌ಗಳನ್ನು ಕಳಿಸಿದ ಕ್ರಮದಲ್ಲಿ ತಲುಪಿಸುವುದಷ್ಟೇ ಅದರ ಕೆಲಸ. ಉಳಿದ ತುಂಡನ್ನು ಇಟ್ಟುಕೊಂಡು ಮುಂದಿನ ಕಂತಿಗೆ ಸೇರಿಸುವುದು ನಮ್ಮ ಜವಾಬ್ದಾರಿ. ನೆಟ್‌ವರ್ಕ್‌ನ ಪದರಗಳ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ, ಪ್ರತಿ ಪದರವೂ ತನ್ನ ಕೆಲಸವನ್ನಷ್ಟೇ ಮಾಡುತ್ತದೆ ಅನ್ನುವ ಅದರ ಅರ್ಥ ತಿಳಿದದ್ದು ಅವತ್ತೇ.

ವೇಗದ ವಿಷಯ ಸುಲಭವಾಗಿ ಮುಗಿಯಿತು. ಪದಗಳನ್ನು ಲಿಸ್ಟ್‌ನಲ್ಲಿಟ್ಟು ‘ಇದು ಮೊದಲೇ ಬಂದಿದೆಯಾ’ ಅಂತ ಸಾಲಾಗಿ ಹುಡುಕುತ್ತಿದ್ದೆ. 1 ಲಕ್ಷ ಬೇರೆ ಬೇರೆ ಪದ ಇದ್ದರೆ ಹತ್ತಿರ ಹತ್ತಿರ 500 ಕೋಟಿ ಹೋಲಿಕೆ ಆಗುತ್ತದೆ! ಲಿಸ್ಟ್ ಬಿಟ್ಟು ಪೈಥಾನ್‌ನಲ್ಲೇ ಇರುವ ‘ಡಿಕ್ಷನರಿ’ ಅನ್ನುವ ರಚನೆಗೆ ಬದಲಿಸಿದೆ. ಅದು ಪದದಿಂದಲೇ ಒಂದು ಸಂಖ್ಯೆ ಮಾಡಿಕೊಂಡು, ಪದ ಇರಬೇಕಾದ ಜಾಗಕ್ಕೆ ನೇರವಾಗಿ ಹೋಗುತ್ತದೆ. ಹ್ಯಾಶಿಂಗ್ ಅಂದರೆ ಇದೇ.

ಇನ್ನೂ ಬೇಗ ಆಗಲಿ ಅಂತ ಜಾವಾ ಅನ್ನುವ ಇನ್ನೊಂದು ಭಾಷೆಯಲ್ಲಿ ಎರಡು ಥ್ರೆಡ್ ಹಚ್ಚಿದೆ, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯುವ ಎರಡು ಕೆಲಸದ ಸರಣಿ. ಪರೀಕ್ಷೆಗೆ ಸುಮ್ನೆ ಒಂದೇ ಎಣಿಕೆಗೆ ಎರಡೂ ತಲಾ 1 ಲಕ್ಷ ಸಲ ಒಂದೊಂದು ಕೂಡಿಸಲಿ ಅಂತ ಬಿಟ್ಟೆ. 2 ಲಕ್ಷ ಬರಬೇಕಿತ್ತು. ಪ್ರತಿ ಸಲವೂ ಅದಕ್ಕಿಂತ ಕಡಿಮೆ, ಅದೂ ಒಂದೊಂದು ಸಲ ಒಂದೊಂದು ಸಂಖ್ಯೆ. ‘ಒಂದು ಕೂಡಿಸು’ ಅನ್ನುವುದು ಒಂದೇ ಸಾಲಾದರೂ ಒಳಗೆ ಮೂರು ಕೆಲಸ: ಓದು, ಕೂಡಿಸು, ಬರೆ. ಎರಡೂ ಥ್ರೆಡ್ 41 ಅಂತ ಓದಿ, ಎರಡೂ 42 ಅಂತ ಬರೆದರೆ ಒಂದು ಎಣಿಕೆ ಕಳೆದೇಹೋಯಿತು. ಕಂಪ್ಯೂಟರ್ ವಿಜ್ಞಾನಿ ಎಡ್ಸ್ಖರ್ ಡೈಕ್‌ಸ್ಟ್ರಾ 1965ರಲ್ಲೇ ಈ ಸಮಸ್ಯೆಗೆ ಪರಿಹಾರ ಬರೆದಿದ್ದರು: ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಕಾಯಬೇಕು. ಲಾಕ್ ಹಾಕಿದೆ, ಸರಿಯಾಗಿ 2 ಲಕ್ಷ ಬಂತು, ಆದರೆ ನಿಧಾನವಾಯಿತು. ಕೊನೆಗೆ ಪ್ರತಿ ಥ್ರೆಡ್ಡೂ ತನ್ನದೇ ಎಣಿಕೆ ಇಟ್ಟುಕೊಂಡು ಕಡೆಯಲ್ಲಿ ಒಮ್ಮೆ ಕೂಡಿಸುವ ಹಾಗೆ ಮಾಡಿದೆ. ಮುಂದೆ ಡೇಟಾಬೇಸ್ ಓದುವಾಗ ಟ್ರಾನ್ಸಾಕ್ಷನ್ ಅಂತ ಬಂತು, ಅಂದರೆ ಹಲವು ಹೆಜ್ಜೆಗಳನ್ನು ಒಂದೇ ಕೆಲಸದ ಹಾಗೆ ಮುಗಿಸುವುದು; ನೋಡಿದರೆ ಅಲ್ಲೂ ಇದೇ ಕಥೆ. ಬೇರೆ ಬೇರೆ ವಿಷಯ ಅಂದುಕೊಂಡಿದ್ದವು ಹೀಗೆ ಒಂದಕ್ಕೊಂದು ಗುರುತು ಹೇಳುವಾಗ ಆಗುವ ಖುಷಿಯೇ ಬೇರೆ.

ಈಗ ಎಣಿಸುವ ಕೆಲಸವನ್ನು ಎರಡು ಕಂಪ್ಯೂಟರ್‌ಗೆ ಹಂಚಿದ್ದೇನೆ. ಒಂದರಿಂದ ಉತ್ತರ ಬರದಿದ್ದರೆ ಅದು ನಿಂತುಹೋಗಿದೆಯೋ, ಉತ್ತರ ದಾರಿಯಲ್ಲಿದೆಯೋ ಅಂತ ಇನ್ನೊಂದಕ್ಕೆ ಖಚಿತವಾಗಿ ತಿಳಿಯುವುದಿಲ್ಲ. ಮತ್ತೆ ಕಳಿಸಿದರೆ ಅದೇ ಭಾಗ ಎರಡು ಸಲ ಎಣಿಕೆಗೆ ಸೇರಬಹುದು. ಅದಕ್ಕೆ ಪ್ರತಿ ಭಾಗಕ್ಕೂ ಒಂದು ನಂಬರ್ ಕೊಟ್ಟು, ಆ ನಂಬರಿನ ಉತ್ತರ ಮೊದಲೇ ಬಂದಿದ್ದರೆ ಎರಡನೆಯದನ್ನು ಬಿಟ್ಟುಬಿಡು ಅಂತ ಬರೆದಿದ್ದೇನೆ. ನಿನ್ನೆ ಬೇಕೆಂದೇ ಮಧ್ಯದಲ್ಲಿ ಕೇಬಲ್ ಕಿತ್ತು ನೋಡಿದೆ, ಎಣಿಕೆ ತಪ್ಪಲಿಲ್ಲ.