ಕೈಬರಹದ ಲ್ಯಾಪ್ ಚಾರ್ಟ್: ಕ್ವಾಲಿಫೈಯಿಂಗ್‌ನಿಂದ ಬಾವುಟದವರೆಗೆ

ಯುರೋಪಿನ ಫಾರ್ಮುಲಾ ಒನ್ ಕಾರ್ ರೇಸ್ (ಗ್ರ್ಯಾನ್ ಪ್ರಿ) ಅಲ್ಲಿನ ಮಧ್ಯಾಹ್ನ ಮೂರಕ್ಕೆ ಶುರುವಾದರೆ ಮೈಸೂರಿನಲ್ಲಿ ಸಂಜೆ ಆರೂವರೆ. ಹೊರಡುವ ಕ್ರಮ ನಿರ್ಧರಿಸುವ ಶನಿವಾರದ ಕ್ವಾಲಿಫೈಯಿಂಗ್ ಏಳೂವರೆಗೆ. ಕಾಫಿ ಮುಗಿಸಿ ಕೂರಲು ಹೇಳಿ ಮಾಡಿಸಿದ ಹೊತ್ತು. ಜಪಾನ್ ಆದರೆ ಬೆಳಿಗ್ಗೆ ಹತ್ತೂವರೆ, ಸಿಂಗಪುರ ಸಂಜೆ ಐದೂವರೆ. ಬ್ರೆಜಿಲ್ ಸಾಮಾನ್ಯವಾಗಿ ರಾತ್ರಿ ಹತ್ತೂವರೆಗೆ. ಆಸ್ಟಿನ್ ನಡುರಾತ್ರಿ ದಾಟಿದ ಮೇಲೆ. ಆ ಹೊತ್ತಿನಲ್ಲಿ ಬರೆದ ಚಾರ್ಟಿನಲ್ಲಿ ತಪ್ಪು ಜಾಸ್ತಿ ಇರುತ್ತದೆ, ಒಪ್ಪಿಕೊಳ್ಳಬೇಕು. ಸರಸ್ವತೀಪುರಂ ಮನೆಯ ಹಾಲಿನಲ್ಲಿ ಟಿವಿ ಮುಂದೆ ಮೂರು ಜನ ಕೂತು ಇಡೀ ರೇಸನ್ನು, ಅಂದರೆ ಪ್ರತಿ ಸುತ್ತಿನ ಕೊನೆಗೆ ಯಾವ ಕಾರು ಎಷ್ಟನೇ ಸ್ಥಾನದಲ್ಲಿತ್ತು ಎಂಬುದನ್ನು, ಕಾಗದದ ಮೇಲೆ ಇಳಿಸುವ ನಮ್ಮ ಪದ್ಧತಿಯನ್ನು ಇಲ್ಲಿ ಬರೆದಿದ್ದೇನೆ.

ಟಿವಿ ಪರದೆಯ ಎಡಕ್ಕೆ ಪಟ್ಟಿ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಆ ಪಟ್ಟಿ ಹೇಳುವುದು ಈ ಕ್ಷಣ ಯಾರು ಎಲ್ಲಿದ್ದಾರೆ ಎಂಬುದನ್ನು ಮಾತ್ರ. ಮೊದಲ ಸ್ಥಾನದಲ್ಲಿರುವವನು ಇನ್ನೂ ಒಂದು ಸಲ ಟೈರ್ ಬದಲಿಸಲು ಪಿಟ್‌ಗೆ ಹೋಗಬೇಕಿದ್ದರೆ ಅವನ ತಲೆ ಮೇಲೆ 20 ಸೆಕೆಂಡ್ ಸಾಲ ಇದೆ. ಸಾಲ ತೀರಿಸಿ ನಾಲ್ಕನೆಯವನಾಗಿ ಓಡುತ್ತಿರುವವನೇ ನಿಜವಾಗಿ ಮುಂದಿರಬಹುದು. ಜೇಬಿನ ದುಡ್ಡನ್ನಷ್ಟೇ ಎಣಿಸಿದರೆ ಸಾಹುಕಾರ ಯಾರು ಅಂತ ತಿಳಿಯುವುದಿಲ್ಲ, ಬಾಕಿಯನ್ನೂ ಬರೆದಿಡಬೇಕು.

ಬೇಕಾದ್ದು ಹೆಚ್ಚೇನಿಲ್ಲ. 5 ಮಿಲಿಮೀಟರ್ ಚೌಕದ ಎ3 ಗ್ರಾಫ್ ಹಾಳೆ, ಸಿಗದಿದ್ದರೆ ಎರಡು ಎ4 ಹಾಳೆಯನ್ನು ಪಕ್ಕಪಕ್ಕ ಅಂಟಿಸಿದರೂ ಆಯಿತು. ಅತಿ ಹೆಚ್ಚು ಸುತ್ತಿರುವುದು ಮೊನಾಕೊದಲ್ಲಿ, 78; ಸುತ್ತಿಗೊಂದು ಚೌಕದ ಲೆಕ್ಕದಲ್ಲಿ 39 ಸೆಂಟಿಮೀಟರ್. ಹಾಳೆಯ ಉದ್ದ 42, ಉಳಿದ ಮೂರು ಸೆಂಟಿಮೀಟರ್‌ನಲ್ಲಿ ಗ್ರಿಡ್ (ರೇಸ್ ಹೊರಡುವಾಗ ನಿಲ್ಲುವ ಕ್ರಮ) ಕಾಲಂ ಕೂರುತ್ತದೆ. 0.5ರ ಕ್ಲಚ್ ಪೆನ್ಸಿಲ್, ರಬ್ಬರ್, ಕೆಂಪು ಪೆನ್ನು, ಮೊಬೈಲಿನ ಸ್ಟಾಪ್‌ವಾಚ್. ಅಂತರ ಬರೆಯಲು ಬೇರೆಯದೇ ಒಂದು ಉದ್ದನೆಯ ಲೆಕ್ಕದ ಪುಸ್ತಕ.

ಸುತ್ತಿನ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆಯುತ್ತೇವೆ, ಕಾರಿನ ಸಂಖ್ಯೆಯನ್ನು ಇಂಗ್ಲಿಷ್ ಅಂಕಿಯಲ್ಲಿ. ಭಾಷಾಭಿಮಾನಕ್ಕಲ್ಲ. 16ನೇ ಸುತ್ತಿನಲ್ಲಿ 16ನೇ ನಂಬರಿನ ಲೆಕ್ಲರ್ ಪಿಟ್‌ಗೆ ಬಂದರೆ ಹತ್ತು ನಿಮಿಷದ ನಂತರ ನೋಡಿದಾಗ ಯಾವ 16 ಯಾವುದು ಅಂತ ಗೊತ್ತಾಗುವುದಿಲ್ಲ. ೧೬ ಮತ್ತು 16 ಅಂತಿದ್ದರೆ ಆ ಗೊಂದಲವೇ ಇಲ್ಲ. ಅವಸರದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಆದ್ದರಿಂದ ಮೇಲಿನ ಸುತ್ತುಸಾಲನ್ನು ರೇಸಿಗೆ ಮೊದಲೇ ನಿಧಾನವಾಗಿ ಬರೆದಿಟ್ಟುಕೊಳ್ಳಿ.

ಎಷ್ಟು ಸುತ್ತು ಎಂಬುದನ್ನು ನೀವೇ ಲೆಕ್ಕ ಹಾಕಬಹುದು: 305 ಕಿಲೋಮೀಟರ್ ದಾಟಲು ಬೇಕಾದ ಅತಿ ಕಡಿಮೆ ಸುತ್ತು. ಬೆಲ್ಜಿಯಂನ ಸ್ಪಾ ಸರ್ಕ್ಯೂಟ್ 7.004 ಕಿ.ಮೀ.; 43 ಸುತ್ತಿಗೆ 301 ಚಿಲ್ಲರೆ, ಸಾಲದು, ಹಾಗಾಗಿ 44. 2011ರಿಂದ 2013ರವರೆಗೆ ನಮ್ಮ ದೇಶದಲ್ಲಿ ರೇಸ್ ನಡೆದ ಬುದ್ಧ್ ಸರ್ಕ್ಯೂಟ್ 5.125 ಕಿ.ಮೀ., ಅಲ್ಲಿ 60. ಮೊನಾಕೊ ಒಂದಕ್ಕೆ ವಿನಾಯಿತಿ, 260 ಕಿಲೋಮೀಟರಿಗೇ ಮುಗಿಯುತ್ತದೆ. 305 ಅಂದರೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದು ಊರೊಳಗೆ ಒಂದು ಸುತ್ತು ಹಾಕಿದಷ್ಟು ದೂರ. ಅದನ್ನು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ.

ಕ್ವಾಲಿಫೈಯಿಂಗ್‌ಗೆ ಒಂದು ಪುಟ ಸಾಕು. 20 ಕಾರುಗಳ ಕಾಲದಲ್ಲಿ ಮೊದಲ ಭಾಗ 18 ನಿಮಿಷ, ಎರಡನೆಯದು 15, ಮೂರನೆಯದು 12. ಮೊದಲೆರಡರಲ್ಲಿ ಐದೈದು ಕಾರು ಹೊರಗೆ. 2026ರಿಂದ 22 ಕಾರು, ಆರಾರು ಹೊರಗೆ. ಹಾಳೆಗೆ ಎರಡು ಸಾಲು ಹೆಚ್ಚು ಹಾಕಿ. ಪ್ರತಿ ಟೈಮಿನ ಪಕ್ಕ, ಆ ಸುತ್ತು ಮುಗಿದಾಗ ಗಡಿಯಾರದಲ್ಲಿ ಎಷ್ಟು ನಿಮಿಷ ಬಾಕಿ ಇತ್ತು ಅಂತ ಬರೆಯುತ್ತೇವೆ. ಕಾರುಗಳು ಓಡಿದಷ್ಟೂ ರಸ್ತೆಗೆ ರಬ್ಬರ್ ಕೂರುತ್ತದೆ, ಹಿಡಿತ ಹೆಚ್ಚುತ್ತದೆ. 10 ನಿಮಿಷ ಬಾಕಿ ಇದ್ದಾಗ ಬಂದ ಟೈಮನ್ನೂ ಕೊನೆಯ ಗಳಿಗೆಯಲ್ಲಿ ಬಂದ ಟೈಮನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗಡಿಯಾರ ಸೊನ್ನೆಗೆ ಬಂದರೂ ಅಷ್ಟರೊಳಗೆ ಗೆರೆ ದಾಟಿ ಶುರು ಮಾಡಿದ ಸುತ್ತು ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಸೊನ್ನೆ ಕಂಡ ಕೂಡಲೇ ಪೆನ್ಸಿಲ್ ಇಡಬೇಡಿ. ಬಿಳಿ ಗೆರೆ ಮೀರಿದ್ದಕ್ಕೆ ರದ್ದಾದ ಟೈಮನ್ನು ಅಳಿಸಬೇಡಿ, ಒಂದು ಗೆರೆ ಎಳೆಯಿರಿ. ಕಾರಿನ ನಿಜವಾದ ವೇಗ ಅದರಲ್ಲಿ ಇರುತ್ತದೆ.

ಕ್ವಾಲಿಫೈಯಿಂಗ್ ಸ್ಥಾನ ಮತ್ತು ಗ್ರಿಡ್ ಸ್ಥಾನಕ್ಕೆ ಎರಡು ಬೇರೆ ಕಾಲಂ ಇರಲೇಬೇಕು. 2024ರ ಬೆಲ್ಜಿಯಂ ರೇಸನ್ನೇ ತೆಗೆದುಕೊಳ್ಳಿ. ಒದ್ದೆ ಟ್ರ್ಯಾಕಿನಲ್ಲಿ ವರ್ಸ್ಟಾಪನ್ 1:53.159 ಮಾಡಿದ, ಎರಡನೆಯವನಿಗಿಂತ 0.595 ಸೆಕೆಂಡ್ ಮುಂದೆ. ಆದರೆ ಹೊಸ ಎಂಜಿನ್ನಿಗೆ ಹತ್ತು ಸ್ಥಾನದ ದಂಡ ಬಿದ್ದು ಹೊರಟದ್ದು ಹನ್ನೊಂದರಿಂದ. ಮುಂದೆ ನಿಂತವನು ಲೆಕ್ಲರ್, ಪಕ್ಕ ಪೆರೆಜ್, ಹಿಂದೆ ಮೂರನೆಯವನಾಗಿ 44ನೇ ನಂಬರಿನ ಹ್ಯಾಮಿಲ್ಟನ್. 63ನೇ ನಂಬರಿನ ರಸೆಲ್ ಆರನೆಯವನು.

ಮೊದಲ ಸುತ್ತನ್ನು ಬರೆಯಲು ಹೋಗಬೇಡಿ. ಎಲ್ಲ ಸಂಖ್ಯೆ ಕೂಗಿ ಮುಗಿಯುವ ಮೊದಲೇ ನಾಲ್ಕು ಬದಲಾಗಿರುತ್ತವೆ. ಸುತ್ತಿನ ಕೊನೆಗೆ ಟಿವಿಯ ಪಟ್ಟಿಯ ಫೋಟೊ ತೆಗೆದು ಎರಡನೇ ಸುತ್ತು ಓಡುವಾಗ ನೋಡಿ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಒಬ್ಬರು ಕೂಗುವುದು, ಒಬ್ಬರು ಸ್ಥಾನ ಬರೆಯುವುದು, ಮತ್ತೊಬ್ಬರು ಅಂತರ ಬರೆಯುವುದು.

“ಮಾಮ, ಅರವತ್ಮೂರು ಒಳಗೆ!”

“ನೋಡ್ದೆ ಕಣೋ. ಎಷ್ಟನೇ ಸುತ್ತು, ಅದು ಹೇಳು.”

ಪಿಟ್‌ಗೆ ಹೋದ ಕಾರಿನ ಸಂಖ್ಯೆಗೆ ಸುತ್ತ ಸೊನ್ನೆ, ಕೆಳಗೆ ಹೊಸ ಟೈರಿನ ಬಣ್ಣ: ಬಿ ಅಂದರೆ ಬಿಳಿ, ಗಟ್ಟಿ ಟೈರ್; ಹ ಅಂದರೆ ಹಳದಿ, ಮಧ್ಯಮ; ಕೆ ಅಂದರೆ ಕೆಂಪು, ಮೆದು. ಒಣ ರೇಸಿನಲ್ಲಿ ಕನಿಷ್ಠ ಎರಡು ಬಗೆಯ ಟೈರ್ ಹಾಕಲೇಬೇಕು. ಒಂದೇ ಬಗೆಯಲ್ಲಿ ಓಡುತ್ತಿರುವವನ ಬಾಕಿ ತೀರಿಲ್ಲ ಅಂತಲೇ ಅರ್ಥ.

ಸ್ಥಾನದ ಹಾಳೆ ಒಂದು ಮಟ್ಟಿಗೆ ಯಾಂತ್ರಿಕ ಕೆಲಸ. ರೇಸ್ ಇರುವುದು ಅಂತರದ ಪುಸ್ತಕದಲ್ಲಿ. ಎಲ್ಲ ಕಾರಿನದೂ ಬೇಡ, ಆರು ಸಾಕು. ಪ್ರತಿ ಸುತ್ತಿನ ಕೊನೆಗೆ ಮುಂದಿರುವವನಿಂದ ಎಷ್ಟು ಸೆಕೆಂಡ್ ಹಿಂದೆ ಎಂದು, ದಶಾಂಶದ ನಂತರ ಒಂದೇ ಅಂಕಿ. ಹೊಸಬರು ಎಡವುವುದು ಇಲ್ಲೇ. ಟಿವಿ ಪಟ್ಟಿ ಒಮ್ಮೆ ಮುಂದಿರುವ ಕಾರಿನಿಂದ ಅಂತರ ತೋರಿಸುತ್ತದೆ, ಇನ್ನೊಮ್ಮೆ ಮೊದಲನೆಯವನಿಂದ. ಪಟ್ಟಿಯ ತಲೆಯಲ್ಲಿ ‘ಇಂಟರ್ವಲ್’ ಇದೆಯೋ ‘ಲೀಡರ್’ ಇದೆಯೋ ನೋಡದೆ ಬರೆದರೆ ಐದನೆಯವನು ಒಂದೇ ಸುತ್ತಿನಲ್ಲಿ 14 ಸೆಕೆಂಡ್ ಹತ್ತಿರ ಬಂದಂತೆ ಆಗುತ್ತದೆ. ‘ಇಂಟರ್ವಲ್’ ಇದ್ದರೆ ಮೇಲಿಂದ ಒಂದೊಂದೇ ಕೂಡಿಸಿಕೊಂಡು ಹೋಗಿ.

ಇನ್ನೊಂದು ತೊಂದರೆ: ಮೊಬೈಲಿನ ಟೈಮಿಂಗ್ ಆ್ಯಪ್ ಮತ್ತು ಟಿವಿ ಚಿತ್ರ ಒಟ್ಟಿಗೆ ಬರುವುದಿಲ್ಲ. ಚಿತ್ರ ಅರ್ಧ ನಿಮಿಷ ತಡವಾಗಿ ಬಂದರೂ ಬರಬಹುದು. ಎರಡನ್ನೂ ಬೆರೆಸಿದರೆ ಸಂಖ್ಯೆ ಕೆಡುತ್ತದೆ, ಮಜವೂ ಕೆಡುತ್ತದೆ. ಒಂದನ್ನು ಹಿಡಿದುಕೊಳ್ಳಿ. ಕರೆಂಟ್ ಹೋದರೆ ಆ ಚೌಕಗಳನ್ನು ಖಾಲಿ ಬಿಡಿ. ಊಹೆಯಿಂದ ತುಂಬಿದ ಚೌಕ ಖಾಲಿ ಚೌಕಕ್ಕಿಂತ ಕೇಡು.

ಪಿಟ್‌ನ ಸಾಲ ಎಷ್ಟು ಎಂಬುದನ್ನು ಆ ದಿನವೇ ಅಳೆಯಬೇಕು. ಟಿವಿಯಲ್ಲಿ ತೋರಿಸುವ 2.3, 2.5 ಸೆಕೆಂಡ್ ಕಾರು ನಿಂತ ಹೊತ್ತು ಮಾತ್ರ. ಉಳಿದದ್ದೆಲ್ಲ ಹೋಗುವುದು ಪಿಟ್ ಲೇನಿನಲ್ಲಿ 80 ಕಿಲೋಮೀಟರ್ ವೇಗದಲ್ಲಿ ತೆವಳುವುದಕ್ಕೆ. ನಮ್ಮ ರಿಂಗ್ ರೋಡಿನಲ್ಲಿ ಅದೇ ವೇಗದಲ್ಲಿ ಹೋದರೆ ಮನೆಯವರು ಬೈಯುತ್ತಾರೆ, ಅಲ್ಲಿ ಅದು ತೆವಳುವುದು. ಅಳೆಯುವುದು ಹೀಗೆ: ಪಿಟ್‌ಗೆ ಹೋಗುವವನಿಗೂ ಹೋಗದ ಇನ್ನೊಬ್ಬನಿಗೂ ನಡುವಿನ ಅಂತರವನ್ನು ಒಂದು ಸುತ್ತು ಮೊದಲು ಬರೆದುಕೊಳ್ಳಿ, ಎರಡು ಸುತ್ತಿನ ನಂತರ ಮತ್ತೆ. ಮೊದಲು 6.0 ಮುಂದಿದ್ದವನು ಆಮೇಲೆ 15.5 ಹಿಂದಿದ್ದರೆ ಖರ್ಚು 21.5. ಇಬ್ಬರದು ಅಳೆದು ಸರಾಸರಿ ತೆಗೆಯಿರಿ. ಚಕ್ರ ಬಿಗಿಯುವಾಗ ತಡವಾದವನನ್ನು ಸೇರಿಸಬೇಡಿ.

ಈ ಸಂಖ್ಯೆ ಕೈಗೆ ಬಂದ ಮೇಲೆ ಪ್ರತಿ ಕಾರಿನ 20–22 ಸೆಕೆಂಡ್ ಹಿಂದೆ ಯಾರಿದ್ದಾರೆ ಅಂತ ನೋಡಿ. ಪಿಟ್‌ನಿಂದ ಹೊರಬಂದರೆ ಅವನು ಬೀಳುವ ಜಾಗ ಅದು. ಅಲ್ಲಿ ನಿಧಾನದ ಕಾರುಗಳ ಗುಂಪಿದ್ದರೆ ತಂಡ ಕಾಯುತ್ತದೆ, ಖಾಲಿ ಇದ್ದರೆ ಕರೆಯುತ್ತದೆ. ವಿವರಣೆಕಾರರಿಗಿಂತ ಎರಡು ಸುತ್ತು ಮೊದಲೇ ಹೇಳಬಹುದು.

ಬೇಗ ಪಿಟ್‌ಗೆ ಹೋಗಿ ಮುಂದಿನವನನ್ನು ದಾಟುವುದಕ್ಕೆ ಅಂಡರ್‌ಕಟ್ ಅನ್ನುತ್ತಾರೆ. ಲೆಕ್ಕ ಸರಳ. ಹಿಂದಿನವನು 1.5 ಸೆಕೆಂಡ್ ಹಿಂದಿದ್ದಾನೆ, ಹೊಸ ಟೈರ್ ಸುತ್ತಿಗೆ 2 ಸೆಕೆಂಡ್ ಲಾಭ ಕೊಡುತ್ತದೆ ಅಂದುಕೊಳ್ಳಿ. ಇವನು ಈ ಸುತ್ತು, ಅವನು ಮುಂದಿನ ಸುತ್ತು ಒಳಗೆ ಹೋದರೆ ಇಬ್ಬರ ಪಿಟ್ ಖರ್ಚೂ ಒಂದೇ, 2 ಸೆಕೆಂಡ್ ಲಾಭ ಮಾತ್ರ ಇವನ ಕಡೆ. ಅರ್ಧ ಸೆಕೆಂಡ್ ಮುಂದೆ ಬರುತ್ತಾನೆ. ಗಟ್ಟಿ ಟೈರ್ ಬಿಸಿಯಾಗಲು ಹೊತ್ತು ತೆಗೆದುಕೊಂಡರೆ ಅಥವಾ ಹೊರಬಂದಾಗ ಎದುರಿಗೆ ಗುಂಪು ಸಿಕ್ಕಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಟೈರ್ ಸವೆತ ಓದುವಾಗ ಇಂಧನವನ್ನು ಮರೆತರೆ ಎಲ್ಲ ತಪ್ಪು. 2024ರ ನಿಯಮದಲ್ಲಿ ರೇಸಿಗೆ ಗರಿಷ್ಠ 110 ಕಿಲೋ. ಸ್ಪಾದ 44 ಸುತ್ತಿಗೆ ಹಂಚಿದರೆ ಸುತ್ತಿಗೆ ಎರಡೂವರೆ ಕಿಲೋ ಉರಿಯುತ್ತದೆ. 10 ಕಿಲೋ ಇಳಿದರೆ ಸುಮಾರು 0.3 ಸೆಕೆಂಡ್ ವೇಗ ಹೆಚ್ಚುತ್ತದೆ ಎಂಬುದು ರೂಢಿಯ ಲೆಕ್ಕ. ಅಂದರೆ ಸುತ್ತಿಗೆ 0.07 ಚಿಲ್ಲರೆ, ಹತ್ತು ಸುತ್ತಿಗೆ ಮುಕ್ಕಾಲು ಸೆಕೆಂಡ್. ಟೈಮ್ ಹತ್ತು ಸುತ್ತೂ ಒಂದೇ ಇದ್ದರೆ ಟೈರ್ ಚೆನ್ನಾಗಿದೆ ಅಂತಲ್ಲ, ಅದು ಮುಕ್ಕಾಲು ಸೆಕೆಂಡ್ ಸವೆದಿದೆ, ಇಂಧನ ಅದನ್ನು ಮುಚ್ಚಿದೆ. ಆದರೆ ಸವೆತ ಅಷ್ಟರಲ್ಲೇ ನಿಂತರೆ ಪಿಟ್‌ಗೆ ಹೋಗುವ ಅಗತ್ಯವೂ ಇಲ್ಲ.

ಅಪಘಾತವಾದಾಗ ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಓಡಿಸುವ ಸೇಫ್ಟಿ ಕಾರು ಬಂದ ಸುತ್ತಿಗೆ ಕೆಂಪು ಪೆನ್ನಿನಲ್ಲಿ ಉದ್ದ ಗೆರೆ. ಅಂತರವೆಲ್ಲ ಅಲ್ಲಿಗೆ ಸೊನ್ನೆ, ಲೆಕ್ಕ ಹೊಸದಾಗಿ ಶುರು. ವರ್ಚುವಲ್ ಸೇಫ್ಟಿ ಕಾರು, ಅಂದರೆ ಕಾರು ಬಾರದೆ ಎಲ್ಲರೂ ಇದ್ದಲ್ಲೇ ನಿಧಾನವಾಗಿ ಓಡಬೇಕೆಂಬ ಸೂಚನೆ ಆದರೆ ಅಂತರ ಉಳಿಯುತ್ತದೆ, ಆಗ ಚುಕ್ಕಿ ಗೆರೆ. ಎರಡರಲ್ಲೂ ಹೊರಗಿನವರು ನಿಧಾನವಾಗಿರುವುದರಿಂದ ಪಿಟ್ ಸಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಸುತ್ತು ಮೊದಲು ಪೂರ್ತಿ ಬೆಲೆ ತೆತ್ತವನ ಗೋಳು ಕೇಳುವಂತಿಲ್ಲ.

ಇಷ್ಟೂ ಒಂದೇ ಹಾಳೆಯಲ್ಲಿ ಕಾಣಬೇಕಾದರೆ ಮತ್ತೆ 2024ರ ಆ ಸ್ಪಾ ರೇಸಿಗೇ ಬರಬೇಕು. ಹ್ಯಾಮಿಲ್ಟನ್ ಮೂರನೇ ಸುತ್ತಿನಲ್ಲಿ ಲೆಕ್ಲರ್‌ನನ್ನು ದಾಟಿ ಮುಂದಾದ. ರಸೆಲ್ ೧೦ನೇ ಸುತ್ತಿಗೆ ಒಳಗೆ ಬಂದು ಬಿಳಿ ಟೈರ್ ಹಾಕಿಸಿದ. ಹ್ಯಾಮಿಲ್ಟನ್ ೧೧ ಮತ್ತು ೨೬ಕ್ಕೆ, ಪಿಯಾಸ್ಟ್ರಿ ೧೧ ಮತ್ತು ೩೦ಕ್ಕೆ. ೩೦ ದಾಟಿದಾಗ 63 ಮೇಲಿನ ಸಾಲಿನಲ್ಲಿತ್ತು. ಎಲ್ಲರೂ ಅದನ್ನು ಬಾಕಿ ಇರುವ ಕಾರು ಅಂತ ಓದುತ್ತಿದ್ದರು. ಅವನು ಹಳದಿಯಿಂದ ಬಿಳಿಗೆ ಆಗಲೇ ಬದಲಾಗಿದ್ದರಿಂದ ನಿಯಮದ ಸಾಲ ತೀರಿತ್ತು. ಉಳಿದದ್ದು ಟೈರ್ ತಡೆಯುತ್ತದೆಯೋ ಇಲ್ಲವೋ ಎಂಬುದಷ್ಟೆ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಒಂದು ಭಾಗಾಕಾರ: ಅಂತರವನ್ನು ಉಳಿದ ಸುತ್ತಿನಿಂದ ಭಾಗಿಸಿ. ಉದಾಹರಣೆಗೆ 9 ಸೆಕೆಂಡ್, 12 ಸುತ್ತು ಅಂದರೆ ಸುತ್ತಿಗೆ 0.75 ಗಳಿಸಬೇಕು. ಪ್ರತಿ ಸುತ್ತಿಗೂ ಹೊಸದಾಗಿ ಭಾಗಿಸಿ. ಉತ್ತರ ಇಳಿಯುತ್ತಿದ್ದರೆ ಹಿಡಿಯುತ್ತಾನೆ, ಏರುತ್ತಿದ್ದರೆ ಇಲ್ಲ. ಹಿಡಿಯುವುದು ಬೇರೆ, ದಾಟುವುದು ಬೇರೆ. ಮುಂದಿನ ಕಾರಿನ ಹಿಂದೆ ಗಾಳಿ ಕದಡಿರುತ್ತದೆ, ಹಿಂದಿನವನ ರೆಕ್ಕೆಗೆ ಕಾರನ್ನು ನೆಲಕ್ಕೆ ಅದುಮುವ ಒತ್ತಡ ಸಿಗುವುದಿಲ್ಲ. ಕೊನೆಯ ಒಂದು ಸೆಕೆಂಡನ್ನು ಈ ಭಾಗಾಕಾರಕ್ಕೆ ಸೇರಿಸಬೇಡಿ.

ರಸೆಲ್ ಒಂದೇ ಬಿಳಿ ಸೆಟ್ಟಿನಲ್ಲಿ 34 ಸುತ್ತು ಓಡಿ ಹ್ಯಾಮಿಲ್ಟನ್‌ಗಿಂತ 0.526 ಸೆಕೆಂಡ್ ಮುಂದೆ ಗೆರೆ ದಾಟಿದ. ಪಿಯಾಸ್ಟ್ರಿ ರಸೆಲ್‌ನಿಂದ 1.173 ಹಿಂದೆ. ಆಮೇಲೆ ಇಂಧನ ತೆಗೆದು ತೂಗಿದಾಗ ಕಾರು 796.5 ಕಿಲೋ; ಇರಬೇಕಾದ ಕನಿಷ್ಠ 798. ಬಹಳ ಸವೆದ ಟೈರ್ ಹಗುರ. ಬೇರೆ ಸರ್ಕ್ಯೂಟಿನಲ್ಲಿ ರೇಸ್ ಮುಗಿದ ಮೇಲಿನ ನಿಧಾನದ ಸುತ್ತಿನಲ್ಲಿ ಪಕ್ಕಕ್ಕೆ ಬಿದ್ದಿರುವ ರಬ್ಬರ್ ಚೂರುಗಳ ಮೇಲೆ ಓಡಿಸಿ ಟೈರಿಗೆ ಒಂದಿಷ್ಟು ಅಂಟಿಸಿಕೊಂಡು ಬರುತ್ತಾರೆ. ಸ್ಪಾದಲ್ಲಿ ಆ ಪೂರ್ತಿ ಸುತ್ತು ಇಲ್ಲ, ಮೊದಲ ತಿರುವಿನ ಹತ್ತಿರವೇ ತಿರುಗಿ ಪಿಟ್‌ಗೆ ಬರಬೇಕು. 63 ಅನರ್ಹವಾಯಿತು, ಗೆಲುವು 44ರದಾಯಿತು.

ಬಾವುಟ ಬಿದ್ದ ಮೇಲೂ ಲೆಕ್ಕ ಮುಗಿದಿರುವುದಿಲ್ಲ. ತಪ್ಪಿಗೆ ಬಿದ್ದ 5 ಮತ್ತು 10 ಸೆಕೆಂಡ್ ದಂಡಗಳನ್ನು ರೇಸಿನ ನಡುವೆ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡಿರಿ; ಪಿಟ್‌ನಲ್ಲಿ ತೀರಿಸದವನ್ನು ಅಲ್ಲಿಂದ ತಂದು ಕೂಡಿಸಿ, ಕ್ರಮ ಬದಲಾದರೆ ಬಾಣ ಹಾಕಿ. ಫಲಿತಾಂಶದ ಕಾಲಂ ಮಾತ್ರ ಆ ರಾತ್ರಿ ಪೆನ್ಸಿಲ್‌ನಲ್ಲೇ ಇರಲಿ. ಪೆನ್ನಿನಲ್ಲಿ ತಿದ್ದುವುದು ಅಧಿಕೃತ ಫಲಿತಾಂಶ ಬಂದ ಮೇಲೆ, ಸೋಮವಾರ ಬೆಳಿಗ್ಗೆ.